ತಡವಾಗಿ ಬಂದ ಗಟ್ಟಿಮೇಳ

ಪಾಶ್ಚಾತ್ಯ ಸಂಗೀತದ ಗಂಧಗಾಳಿಯೂ ನನಗಿಲ್ಲ. ಆದರೂ ಭಾನುವಾರ ಊಟವಾದ ಮೇಲೆ ಹಾಸನದ ನಮ್ಮ ಮನೆಯ ಗ್ರಾಮಫೋನಿಗೆ ಒಂದು ಪ್ಲೇಟು ಹಾಕಿ, ಅರೆನಿದ್ದೆಯಲ್ಲಿ ತೇಲುತ್ತೇನೆ. ತಂತಿಯಿಲ್ಲ, ಚರ್ಮವಿಲ್ಲ, ಬರೀ ಐದು ಊದುವ ವಾದ್ಯ. ರಚಿಸಿದವನು ನಮ್ಮ ಕಾಲದವನು, ಚೌಕಟ್ಟು ಮಾತ್ರ ಮುತ್ತಜ್ಜನ ಕಾಲದ್ದು. ತಿಳಿದವರು ಇದನ್ನು ನವಶಾಸ್ತ್ರೀಯ ಎನ್ನುತ್ತಾರೆ. ನನಗೆ ಕಾಣುವುದು, ಅಜ್ಜನ ಜರಿಪೇಟ ಸುತ್ತಿಕೊಂಡು ಸೈಕಲ್ ಹತ್ತಿದ ಮೊಮ್ಮಗ. ಪೇಟ ಬೀಳಬಾರದು, ಸೈಕಲ್ಲೂ ನಿಲ್ಲಬಾರದು. ಮೊದಲ ಮಟ್ಟು ಯಾವ ಯಾವುದೋ ಊರು ಸುತ್ತಿ, ವೇಷ ಬದಲಿಸಿ, ಕೊನೆಗೆ ಮನೆಗೆ ಮರಳಲೇಬೇಕು. ಅದು ಅಲ್ಲಿನ ಕಟ್ಟು.

ಈ ಕಟ್ಟಿನ ಬಿಗಿ ನನಗೆ ಗೊತ್ತಾದದ್ದು ಹೊಳೆನರಸೀಪುರದಲ್ಲಿ, ನನ್ನದೇ ಮದುವೆಯಲ್ಲಿ. ವಾಲಗ ಬೇಡ, ಹಾಸನದ ಬ್ಯಾಂಡೇ ಬೇಕೆಂದು ಹಟ ಹಿಡಿದವನು ನಾನು. ಕಾಲೇಜಿನಲ್ಲಿ ಪಾಠ ಹೇಳುವ ಅಳಿಯನ ಮಾತೆಂದು ಮಾವನವರು ಒಪ್ಪಿದರು. ಬ್ಯಾಂಡಿನ ಮುನಿಸ್ವಾಮಿ ಕ್ಲಾರಿಯೋನೆಟ್ ಊದುವವನು. ಹಿಡಿದ ಮಟ್ಟು ಮುಗಿಯದೆ ತುಟಿಯಿಂದ ವಾದ್ಯ ತೆಗೆಯುವ ಆಸಾಮಿಯಲ್ಲ.

ತಾಳಿ ನನ್ನ ಕೈಗೆ ಬಂತು. ಕಟ್ಟುವಾಗ ಯಾರ ಸೀನೂ, ಯಾವ ಕೆಟ್ಟ ಮಾತೂ ಕಿವಿಗೆ ಬೀಳದಿರಲೆಂದು ಗಟ್ಟಿಮೇಳ ಮೊಳಗಬೇಕು. ಪುರೋಹಿತರು ಕೈ ಬೀಸಿದರು. ಮುನಿಸ್ವಾಮಿ ಯಾವುದೋ ನಿಧಾನದ ಮಟ್ಟಿನ ನಡುವೆ, ಹೊಳೆಗೆ ತೆಪ್ಪ ಬಿಟ್ಟವನಂತೆ, ಕಣ್ಣು ಮುಚ್ಚಿ ಸಾಗುತ್ತಿದ್ದ.

"ಗಟ್ಟಿಮೇಳ ಊದ್ಲಾ! ಮೂರ್ತ ಮೀರೋಯ್ತದೆ ಕಣ್ಲಾ!" ಎಂದು ಹುಡುಗಿಯ ಅಜ್ಜಿ ಕೂಗಿದರು.

ಪಕ್ಕದಲ್ಲಿ ತುತ್ತೂರಿ ಹಿಡಿದು ಸುಮ್ಮನೆ ನಿಂತಿದ್ದವನು ಉತ್ತರ ಕೊಟ್ಟ: "ತಡಿ ಅಜ್ಜೀ, ಪಲ್ಲವಿಗೆ ಬಂದ್ಬುಡ್ಲಿ. ಅರ್ಧಕ್ಕೆ ಬುಟ್ರೆ ಅಪಸಕುನ ಅಲ್ವಾ?"

ಅಜ್ಜಿಯ ಮುಖ ಬಿಳಿಚಿತು. ನನ್ನ ಹಟಕ್ಕೆ ಈ ಹುಡುಗಿ ಜೀವಮಾನವಿಡೀ ಮಾತು ಕೇಳಬೇಕಾಯಿತಲ್ಲ ಎಂದು ಸಂಕಟವಾಯಿತು. ಆಗ ಅವಳ ತಗ್ಗಿಸಿದ ತಲೆಯ ಕೆಳಗಿಂದ ಮೆಲ್ಲಗೆ ಕೇಳಿಸಿತು:

"ಕಟ್ಬುಡಿ. ಅವ್ರು ಆಮ್ಯಾಕೆ ಊದ್ಕತಾರೆ."

ಕಟ್ಟಿದೆ. ಯಾರೂ ಸೀನಲಿಲ್ಲ. ಮೂರನೆಯ ಗಂಟು ಬಿದ್ದ ಮೇಲೆ ಮಟ್ಟು ಮನೆ ಸೇರಿತು. ಆಮೇಲೆ ಮುನಿಸ್ವಾಮಿ ಊದಿದ ಗಟ್ಟಿಮೇಳ ಚನ್ನರಾಯಪಟ್ಟಣಕ್ಕೂ ಕೇಳಿಸಿರಬೇಕು.

ಅಜ್ಜಿ ಇವತ್ತಿಗೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ. ನಾನು ಮಾತ್ರ ಮುನಿಸ್ವಾಮಿಗೆ ಋಣಿ. ಹೊತ್ತಿಗೆ ಸರಿಯಾಗಿ ಅವನು ಮೊಳಗಿಸಿದ್ದರೆ, ಹೆಂಡತಿ ನನ್ನೊಡನೆ ಆಡಿದ ಮೊದಲ ಮಾತು ನನಗೆ ಕೇಳಿಸುತ್ತಲೇ ಇರಲಿಲ್ಲ.

ಪ್ಲೇಟು ಮುಗಿಯುವ ಹೊತ್ತಿಗೆ ಅವಳು ಕಾಫಿ ತರುತ್ತಾಳೆ. ಗ್ರಾಮಫೋನಿನ ಕಡೆ ನೋಡಿ, "ಮನೆಗೆ ಬಂದ್ರಾ ನಿಮ್ಮೋರು?" ಎಂದು ಕೇಳುತ್ತಾಳೆ.

"ಇನ್ನೂ ಇಲ್ಲ, ಕೂತ್ಕೊ" ಎನ್ನುತ್ತೇನೆ.

ಇಬ್ಬರೂ ಕಾಯುತ್ತೇವೆ. ಈಗ ಯಾವ ಮುಹೂರ್ತದ ಆತುರವೂ ಇಲ್ಲ.