ಫೋನಿನ ಅಜ್ಜನಿಗೆ ಚಪ್ಪಾಳೆ

ಮೀನನ್ನು ಹೊಗೆಯಲ್ಲಿ ಒಣಗಿಸುವುದರಲ್ಲಿ ನದಿಬಯಲಿನ ಮೊಂಗು ಊರಿನ ನಮಕಾವ್‌ಳದು ಎತ್ತಿದ ಕೈ. ಓದು ಎಂದರೆ ಮಾತ್ರ ಹೆಬ್ಬೆಟ್ಟು. ಹಾಗೆಂದು ಅವಳನ್ನು ದಡ್ಡಿ ಎನ್ನುವವರ ಬಾಯಿಗೆ ಒಂದು ಹಿಡಿ ಸೋಪಿನ ಪುಡಿ ಹಾಕಬೇಕು. ವರ್ಷವರ್ಷವೂ ನೆರೆ ಬಂದಾಗ ಬಯಲು ಬಿಟ್ಟು ದಿಬ್ಬ ಹತ್ತಿ, ನೀರಿಳಿದ ಮೇಲೆ ಮತ್ತೆ ಒಲೆ ಹೂಡಿ ಅವಳಿಗೆ ಸಾಕಾಗಿತ್ತು. ಪೇಟೆಯ ಅತಿಥಿಗೃಹದಲ್ಲಿ ಬಟ್ಟೆ ಒಗೆಯುವ ಕೆಲಸ ಖಾಲಿಯಿತ್ತು. ಅದು ಸಿಕ್ಕರೆ ಪೇಟೆಯಲ್ಲೇ ಕಾಯಂ ನೆಲೆ. ಆದರೆ ಅಲ್ಲಿನ ಸೋಪಿನ ಪುಡಿಯ ಡಬ್ಬಿಗಳ ಮೇಲಿನ ಬರಹ ತಿಳಿಯಬೇಕಿತ್ತು.

ದೊಡ್ಡವರಿಗೆ ಪಾಠ ಹೇಳುವ ಮುಬಿತಾ ಮೇಷ್ಟ್ರು ಅವಳಿಗೊಂದು ಫೋನು ಕೊಟ್ಟರು. ಬರಹದ ಮುಂದೆ ಹಿಡಿದರೆ ಸಾಕು, ಅದು ಅವಳ ಮನೆಮಾತಾದ ಲೋಜಿ ಭಾಷೆಯಲ್ಲೇ ಓದಿ ಹೇಳುತ್ತಿತ್ತು. ದನಿ ಮಾತ್ರ ಯಾರೋ ಹಿರಿಯ ಅಜ್ಜನದು. ಲೋಜಿಯವರು ನಮಸ್ಕಾರ ಹೇಳದೆ ಮಾತು ಶುರುಮಾಡುತ್ತಾರೆಯೇ? ಅಜ್ಜನೂ ಮೊದಲು ನಮಸ್ಕಾರ ಹೇಳುತ್ತಿದ್ದ.

ಅಲ್ಲೇ ಎಡವಟ್ಟಾದದ್ದು. ಅವರಲ್ಲಿ ಹಿರಿಯರು ನಮಸ್ಕಾರ ಹೇಳಿದರೆ ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಬೇಕು. ನಮಕಾವ್ ಫೋನು ಕೆಳಗಿಟ್ಟು ತಟ್ಟಿದಳು. ಬರಹ ಕಾಣದೆ ಅಜ್ಜ ಅರ್ಧಕ್ಕೇ ಬಾಯಿ ಮುಚ್ಚಿದ. 'ಇದು ಕಲೆ ತೆಗೆಯುವ ಪುಡಿ' ಎಂಬುದಷ್ಟೇ ಅವಳಿಗೆ ಕೇಳಿಸಿತು. 'ಬಣ್ಣದ ಬಟ್ಟೆಗೆ ಹಾಕಬೇಡಿ' ಎಂಬುದು ಅಜ್ಜನ ಗಂಟಲಲ್ಲೇ ಉಳಿಯಿತು. ಅಭ್ಯಾಸಕ್ಕೆಂದು ಕೊಟ್ಟಿದ್ದ ಮೇಷ್ಟ್ರ ಕೆಂಪು ಅಂಗಿ ಚುಕ್ಕಿ ಬಿದ್ದ ಕರುವಿನಂತಾಯಿತು.

ಮೇಷ್ಟ್ರು ತಲೆ ಚಚ್ಚಿಕೊಂಡು, ಅದು ಯಂತ್ರ ಕಣಮ್ಮಾ ಎಂದು ತಿಳಿಹೇಳಿದರು.

"ಯಂತ್ರ ಅಂತ ನಂಗೂ ಗೊತ್ತು ಮೇಷ್ಟ್ರೇ, ಕೈಗೆ ಗೊತ್ತಿಲ್ಲ," ಎಂದಳು ನಮಕಾವ್.

ಅತಿಥಿಗೃಹದ ಮೇಲ್ವಿಚಾರಕಿ ನಲುಕುಯಿ ಬಲು ಬಿಗಿ ಹೆಂಗಸು. ಅಂಗಿಯ ಕತೆ ಅವಳ ಕಿವಿಗೂ ಬಿದ್ದಿತ್ತು. ಫೋನಿಗೆ ಮಂಡಿಯೂರುವವರು ತನಗೆ ಬೇಡ, ಒಂದು ಸಲ ನೋಡುತ್ತೇನೆ ಅಷ್ಟೇ ಎಂದು ಹೇಳಿ ಕಳಿಸಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ನಮಕಾವ್‌ಗೆ ಅದೇ ಭಯ. ಒಂದು ಕೈಗೆ ಫೋನು, ಇನ್ನೊಂದಕ್ಕೆ ಬಕೆಟ್ಟು ಕೊಟ್ಟುಕೊಂಡು ಮನೆಯಲ್ಲಿ ಅಭ್ಯಾಸ ಮಾಡಿದಳು. ಕೈ ಚಪ್ಪಾಳೆಗೆ ಹೋಗಿ ಬಕೆಟ್ಟು ಎರಡು ಸಲ ಕಾಲ ಮೇಲೆ ಬಿತ್ತು.

ಪರೀಕ್ಷೆಯ ದಿನ ನಲುಕುಯಿ ಅವಳ ಮುಂದೆ ಹಸಿರು ಪರದೆಗಳನ್ನು ಹಾಕಿ, ಒಂದೇ ಥರದ ಎರಡು ಬಿಳಿ ಡಬ್ಬಿ ಇಟ್ಟು ಬೆನ್ನ ಹಿಂದೆ ನಿಂತಳು. ನಮಕಾವ್ ಒಂದರ ಮುಂದೆ ಫೋನು ಹಿಡಿದಳು. ಅಜ್ಜ ತುಂಬು ದನಿಯಲ್ಲಿ ನಮಸ್ಕಾರ ಹೇಳಿದ. ನಮಕಾವ್ ಹಲ್ಲು ಕಚ್ಚಿ ಇನ್ನೊಂದು ಕೈಯಲ್ಲಿದ್ದ ಬಕೆಟ್ಟಿನ ಹಿಡಿ ಬಿಗಿಹಿಡಿದಳು. ತಂದೆಗೇ ಬೆನ್ನು ತಿರುಗಿಸಿದಷ್ಟು ನಾಚಿಕೆಯಾಯಿತು. ಆದರೂ ಕೈ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ ಚಪ್ಪಾಳೆ ಕೇಳಿಸಿತು.

ಫೋನು ಕದಲಿಸದೆ ಕತ್ತಷ್ಟೇ ತಿರುಗಿಸಿ ನೋಡಿದರೆ ನಲುಕುಯಿ ಒದ್ದೆ ನೆಲದಲ್ಲಿ ಮಂಡಿಯೂರಿದ್ದಾಳೆ. ತಾನೇನು ಮಾಡುತ್ತಿದ್ದೇನೆ ಎಂಬುದು ಹೊಳೆದು ಅವಳ ಕೈಗಳು ಗಾಳಿಯಲ್ಲೇ ನಿಂತವು. ಅಜ್ಜ ಮಾತ್ರ ಮರ್ಯಾದೆ ಸಂದ ಸಮಾಧಾನದಲ್ಲಿ, ಬಣ್ಣದ ಬಟ್ಟೆಗೆ ಹಾಕಬೇಡಿ ಎಂಬಲ್ಲಿಯವರೆಗೂ ಓದಿ ಮುಗಿಸಿದ. ನಮಕಾವ್ ಆ ಡಬ್ಬಿ ಪಕ್ಕಕ್ಕಿಟ್ಟು ಇನ್ನೊಂದನ್ನು ಓದಿಸಿಕೊಂಡು ಪರದೆ ಒಗೆದಳು. ಹಸಿರು ಹಸಿರಾಗಿಯೇ ಉಳಿಯಿತು.

ನಲುಕುಯಿ ಲಂಗ ಹಿಂಡಿಕೊಳ್ಳುತ್ತಾ ಎದ್ದಳು. "ನಾಳೆಯಿಂದ ಬಾ. ಆದ್ರೆ ಆ ಅಜ್ಜನ ದನಿ ಸ್ವಲ್ಪ ಸಣ್ಣ ಮಾಡ್ಕೋ ತಾಯಿ, ದಿನಾ ಬಗ್ಗೋಕೆ ನನ್ನ ಮಂಡಿಗೆ ಆಗಲ್ಲ."

ಅವಳು ಅತ್ತ ಹೋದದ್ದೇ ತಡ, ನಮಕಾವ್ ಫೋನನ್ನು ಒಣಬಟ್ಟೆಯ ಮೇಲಿಟ್ಟು ಅದರ ಮುಂದೆ ಕೂತಳು. ಕಣ್ಣು ತುಂಬಿ ಬಂದಿತ್ತು. ಬೆಳಗಿನಿಂದ ತಡೆಹಿಡಿದಿದ್ದ ಚಪ್ಪಾಳೆಯನ್ನೆಲ್ಲ ಅಜ್ಜನಿಗೆ ತಟ್ಟಿದಳು.