ಕಣಕಿ ಸೆರಗು

ನಮ್ಮ ಅಧ್ಯಕ್ಷರಿಗೆ ಒಬ್ಬ ಅಳಿಯ ಬಂದ. ಬಂದಾವ ಉಂಡು, ಆಯೇರಿ ಬಟ್ಟಿ ತಗೊಂಡು, ಹೆಂಡ್ತಿನ್ನ ಕರಕೊಂಡು ಹೋಗಿದ್ರ ಯಾರದೂ ತಕರಾರ ಇರಲಿಲ್ಲ. ಹೋಗಲಿಲ್ಲ. ಅತ್ತಿಮನಿ ಚಾದ ರುಚಿ ಹತ್ತಿ ಇಲ್ಲೇ ಉಳದ. ಉಳದ ಮ್ಯಾಲ ಸುಮ್ನ ಕುಂದ್ರಬೇಕೋ ಬ್ಯಾಡೋ, ಸಂಘದ ಕಂಪ್ಯೂಟರಿಗೆ ಕೈ ಹಾಕಿದ.

ಸಂಘ ಅಂದ್ರ ಬನಹಟ್ಟಿಯಾಗಿನ ಒಂದು ಸಣ್ಣ ನೇಕಾರರ ಸಂಘ. ನಾ ಅಲ್ಲಿ ಪ್ರೋಗ್ರಾಂ ಬರಿಯಾಕಿ, ದಿನಾ ಜಮಖಂಡಿಯಿಂದ ಬಸ್ಸಿಗೆ ಬರತೇನಿ. ನೇಕಾರರು ಸೆರಗಿನ ಚಿತ್ರ ತರತಾರ. ನಾವು ಅದನ್ನ ಮಗ್ಗಕ್ಕ ತಿಳಿಯೋ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಡತೇವಿ. ಚಿತ್ರಾನ ಎಳಿ ಎಳಿ ಬಿಡಿಸಿ ಬರಿಯಾಕ ಒಂದು ಹಳೇ ಪ್ರೋಗ್ರಾಂ ಐತಿ. ನನ್ನ ಪ್ರೋಗ್ರಾಂ ತಾಯಿ, ಅದು ಮರಿ. ತಾಯಿ ಮರಿನ್ನ ಎಬ್ಬಿಸಿ ಚಿತ್ರ ಕೊಡತೈತಿ. ಮರಿ ಫೈಲ್ ಬರದು ಮುಗಿಸಿ, ಸಾಯೋಮುಂದ ತಾಯಿಗೆ ಒಂದು ಅಂಕಿ ಹೇಳಿ ಸಾಯತೈತಿ. ಸೊನ್ನಿ ಅಂದ್ರ ಎಲ್ಲಾ ಚಲೋ ಆತು, ಬ್ಯಾರೆ ಅಂಕಿ ಅಂದ್ರ ಏನೋ ಕೆಟ್ಟೈತಿ. ಪುಸ್ತಕದಾಗ ಇದಕ್ಕ ಚೈಲ್ಡ್ ಪ್ರೊಸೆಸ್ ಅಂತಾರ.

ಖರೆ ಹೇಳತೇನಿ, ನಾ ಬರದದ್ದು ನಿಧಾನ ಇತ್ತು. ಮರಿ ಮುಗಸೋಮಟ ತಾಯಿ ಕೈ ಕಟ್ಟಿ ನಿಂದರತಿತ್ತು, ಹಿಂದ ಮಂದಿ ಪಾಳಿ ಹಚ್ಚಿ ಆಕಳಿಸತಿದ್ರು. ಅಳಿಯಾರು ಎಲ್ಲಿಯೋ ಕ್ಲಾಸಿಗೆ ಹೋಗಿ ಅಸಿಂಕ್ ಅನ್ನೋ ಒಂದು ಶಬ್ದ ಕಲ್ತು ಬಂದಿದ್ರು, ಅಂದ್ರ ಒಂದು ಕೆಲಸ ನಡದಾಗನ ಇನ್ನೊಂದು ಹಚ್ಚೋದು. ಒಂದ ಶಬ್ದ, ಕಾಯೋದು ಅನ್ನೋ ಎರಡನೇದು ಕಲಿಲಿಲ್ಲ.

"ಮೇಡಮ್ಮಾರ, ಈಗಿನ ಕಾಲದಾಗ ಯಾರೂ ಯಾರಿಗೂ ಕಾಯಂಗಿಲ್ರಿ," ಅಂದು ನನ್ನದನ್ನ ಕಿತ್ತು ಒಗದು ತನ್ನದೊಂದು ಬರದ. ಚಿತ್ರ ಕೊಟ್ಟ ಕೂಡ್ಲೆ ಅವನ ತಾಯಿ ಮರಿನ್ನ ಎಬ್ಬಸತಿತ್ತು, ಎಬ್ಬಿಸಿದ ಕೂಡ್ಲೆ ಪರದೆ ಮ್ಯಾಲ ಹಸಿರು ಗುರ್ತು ಹೊಳೀತಿತ್ತು: 'ತಯಾರ'. ಮರಿ ಇನ್ನ ಕಣ್ಣ ತೆರದಿರತಿರಲಿಲ್ಲ! ಮಂದಿ ಬಾಯಿ ಬಾಯಿ ಬಿಟ್ಟು ನೋಡಿದ್ರು.

"ನೋಡವ್ವ, ನೀ ಇಷ್ಟು ವರ್ಷ ಕುಂತು ಮಾಡಿದ್ದನ್ನ ನಮ್ಮ ಅಳಿಯಾರು ಚಿಟಿಕಿ ಹೊಡಿಯೋದ್ರಾಗ ಮಾಡ್ಯಾರ," ಅಂತ ಅಧ್ಯಕ್ಷರು ಎದಿ ಉಬ್ಬಿಸಿದ್ರು.

"ಏನ್ ಮಾಡ್ಯಾರ್ರಿ? ಹಸಿರು ಬಣ್ಣ ಹಚ್ಯಾರ. ಮರಿ ಮುಗಸೇತೋ ಇಲ್ಲೋ ಕೇಳಾವ್ರು ಯಾರು? ಸಾಯೋಮುಂದ ಏನ್ ಹೇಳ್ತು ಅಂತ ನೋಡಾವ್ರು ಯಾರು?"

"ಅಳಿಯಾರು ಮಾಡ್ಯಾರಂದ್ರ ಆತು ಬಿಡವ್ವ."

ನಮ್ಮ ಕಡೆ ಅಳಿಯನ ತಪ್ಪು ತೋರಸೋದಂದ್ರ ಮಗಳ ಸಂಸಾರಕ್ಕ ಕಲ್ಲು ಒಗದಂಗ. ಅವನ ತಾಟಿನ್ಯಾಗ ಉಪ್ಪು ಹೆಚ್ಚಾದ್ರ ಉಪ್ಪಿನ ತಪ್ಪು. ನಾ ಬಾಯಿ ಮುಚ್ಚಿದೆ ಅಂತ ತಿಳೀಬ್ಯಾಡ್ರಿ, ದಿನಾ ಒದರಿದೆ. ಕೇಳಾವ್ರು ಇರಲಿಲ್ಲ ಅಷ್ಟ.

ಸಿಟ್ಟು ಬರೋದು ಎದಕ್ಕಂದ್ರ, ಅಸಿಂಕ್ ನಮ್ಮ ಊರಿಗೆ ಹೊಸಾದಲ್ಲ. ಇಲ್ಲಿ ಒಬ್ಬಾಕಿ ನಾಕು ಮಗ್ಗ ಓಡಸತಾಳ. ಒಂದರ ಮುಂದ ನಿಂತು ಜಪಾ ಮಾಡಂಗಿಲ್ಲ. ಯಾವುದರ ಲಾಳಿಯಾಗ ನೂಲು ತೀರಿತೋ, ಯಾವುದು ಗಪ್ಪ ಆತೋ, ಅದರ ಕಡೆ ಓಡತಾಳ. ಆದ್ರ ನಾಕೂ ಹಚ್ಚಿ ಬಾಗಲಾ ಎಳಕೊಂಡು ಸಿನಿಮಾಕ್ಕ ಹೋಗಂಗಿಲ್ಲ. ನಮ್ಮ ಅಳಿಯಾರು ಸಿನಿಮಾಕ್ಕ ಹ್ವಾದ್ರು.

ಈಗ ಚಿಗವ್ವನ ಸುದ್ದಿಗೆ ಬರತೇನಿ. ನಮ್ಮವ್ವನ ತಂಗಿ, ರಬಕವಿಯಾಗ ಇರತಾಳ, ಪಡಸಾಲಿಯಾಗ ಎರಡು ಮಗ್ಗ. ಆಕಿ ಓಣಿಯಾಗಿನ ಮಂದಿ ಒಬ್ಬೊಬ್ಬರ ಮಗ್ಗ ಗುಜರಿಗೆ ಹಾಕಿ ದೊಡ್ಡವರ ಶೆಡ್ಡಿಗೆ ದುಡಿಯಾಕ ಹೊಂಟಿದ್ರು. "ಮಂದಿ ಮಗ್ಗದ ಮುಂದ ನಿಂತು ನಾ ಬೈಸಿಕೊಳ್ಳಾಕಿ ಅಲ್ಲ," ಅಂತ ಚಿಗವ್ವ ಹಟ ಹಿಡದಿದ್ಲು. ಇಚಲಕರಂಜಿ ಕಡೆಯ ಒಬ್ಬ ಸಾವ್ಕಾರ, "ಹೊಸಾ ನಮೂನಿ ಸೆರಗು ಒಂದು ನೇಯ್ದು ತೋರಸ್ರಿ, ಮನಸಿಗೆ ಬಂದ್ರ ಹಂಗಾಮ ಪೂರ್ತಿ ನಿಮ್ಮ ಕಡಿಂದನ ಒಯ್ತೇನಿ," ಅಂದಿದ್ದ. ಅದು ಪಾಸಾದ್ರ ಮಗ್ಗ ಉಳದ್ವು, ಇಲ್ಲಂದ್ರ ಗುಜರಿ ಗಾಡಿ ಬಾಗಲಿಗೆ ಬರೋದ ಬಾಕಿ. ಆಕಿ ತನ್ನ ಕೈಯಿಂದ ಬಿಳಿಜ್ವಾಳದ ಸಾಲು ತಗದ್ಲು: ಕೆಳಗ ದಂಟು, ನಡುವ ಎಲಿ, ಮ್ಯಾಲ ಕಾಳು ತುಂಬಿದ ತೆನಿ. ಎಷ್ಟು ಚಂದ ಇತ್ತಂದ್ರ, ನಾ ಒಂದು ಸಲ ಕಾಗದದ ಮ್ಯಾಲ ಕೈ ಆಡಿಸಿ ನೋಡಿದೆ.

ಆಕಿ ಚಿತ್ರ ಕೊಡಾಕ ಬಂದ ದಿನ ನಾ ಬೀಳಗಿಗೆ ಮದುವಿಗೆ ಹೋಗಿದ್ದೆ. ಅಳಿಯ ತಗೊಂಡ, ಹಸಿರು ಗುರ್ತು ಹೊಳೀತು. "ತಯಾರ ಆತ್ರಿ ಅಮ್ಮಾರ, ಮುಂಜಾನೆ ಪೆನ್‌ಡ್ರೈವ್ ಒಯ್ರಿ," ಅಂದ.

ತಯಾರ ಆಗಿರಲಿಲ್ಲ. ಆ ಹಳೇ ಮರಿ ಕೆಲಸ ಮಾಡತಾ ವಟವಟ ಅಂತೈತಿ: ಇಲ್ಲಿ ಬಣ್ಣ ತಿಳೀಲಿಲ್ಲ, ಅಲ್ಲಿ ಎಳಿ ಹೆಚ್ಚಾತು. ಆ ಮಾತು ತಾಯಿ ಕಡೆ ಹೋಗಾಕ ನಡುವ ಒಂದು ಕೊಳವಿ ಇರತೈತಿ. ತಾಯಿ ಈ ತುದಿಗೆ ಕುಂತು ಕೇಳಿಕೋತಾ ಇರಬೇಕು. ಕೇಳದಿದ್ರ ಕೊಳವಿ ತುಂಬತೈತಿ, ತುಂಬಿದ ಮ್ಯಾಲ ಮರಿ ಮುಂದಿನ ಮಾತು ಆಡಾಕ ಆಗದ ನಿಂತಲ್ಲೇ ನಿಂದರತೈತಿ. ಚಿಗವ್ವನ ಚಿತ್ರ ದೊಡ್ಡದು, ಮರಿ ಮಾತೂ ಬಾಳ. ಅರ್ಧ ಫೈಲ್ ಬರದು ಅದು ನಿಂತುಬಿಡ್ತು. ಸಂಜಿಮುಂದ ಅಳಿಯಾರು ಬಟನ್ ಒತ್ತಿ, ಕಂಪ್ಯೂಟರ್ ಬಂದ್ ಮಾಡಿ, ಶಿಳ್ಳಿ ಹಾಕ್ಕೋತ ಮನಿಗೆ ಹ್ವಾದ್ರು.

ಮರಿ ಓಡಾಕತ್ತಾಗ ಬಂದ್ ಮಾಡಬಾರದು ಅಂತ ನಾ ಮೊದಲ ಹೇಳಿದ್ದೆ. ಅವನ ಉತ್ತರ ಕೇಳ್ರಿ: "ಏನಾಗತೈತ್ರಿ? ಮುಂಜಾನೆ ಹಚ್ಚಿದ್ರ ನಿಂತಲ್ಲಿಂದ ಶುರು ಆಗತೈತಿ." ಇದು ಮಗ್ಗದ ಮನಿಯಾಗ ಹುಟ್ಟಿದಾವ ಮಾತ್ರ ಮಾಡೋ ತಪ್ಪು. ನಮ್ಮಲ್ಲಿ ಕರೆಂಟ್ ಹ್ವಾದ್ರ ಮಗ್ಗ ಅರ್ಧ ಎಳಿಗೆ ನಿಂದರತೈತಿ, ಬಂದ್ರ ಅದ ಎಳಿಯಿಂದ ಮುಂದ ನಡೀತೈತಿ. ಸಣ್ಣವ ಇದ್ದಾಗಿಂದ ಅದನ್ನ ನೋಡಿದಾವಗ ಜಗತ್ತೆಲ್ಲಾ ಮಗ್ಗ. ಕಂಪ್ಯೂಟರಿನ ಮರಿ ಹಂಗಲ್ಲ, ಸತ್ತರ ಸತ್ತು ಹೋತು. ಮುಂಜಾನೆ ಅವನ ತಾಯಿ ಪ್ರೋಗ್ರಾಂ ಎದ್ದು ನೋಡಿತು, ಆ ಹೆಸರಿನ ಫೈಲ್ ಐತಿ, ಮತ್ತ ಹಸಿರು ಗುರ್ತು. ಅರ್ಧ ಐತೋ ಪೂರ್ತಿ ಐತೋ ಯಾರು ಕೇಳಬೇಕು?

ಮಧ್ಯಾಹ್ನ ನಾ ಸಂಘದಾಗ ಇದ್ದೆ. ಚಿಗವ್ವನ ಫೋನ್ ಬಂತು.

"ಲೇ ಹುಡುಗಿ, ನಿಮ್ಮ ಕಂಪ್ಯೂಟರ್ ನನಗ ಕಣಕಿ ನೇಯ್ದು ಕೊಟ್ಟೈತಿ!"

ತೆನಿ ಕೊಯ್ದು ಉಳದ ಬರೇ ದಂಟಿಗೆ ಕಣಕಿ ಅಂತಾರ, ಎತ್ತು ಎಮ್ಮಿಗೆ ಹಾಕೋದು. ಸೆರಗಿನ್ಯಾಗ ದಂಟು ಬಂದಿತ್ತು, ಎಲಿ ಬಂದಿತ್ತು. ತೆನಿ ಇರಬೇಕಾದಲ್ಲಿ ಖಾಲಿ ಬಟ್ಟಿ. "ಸಾವ್ಕಾರ ಬಂದು ಕುಂತಾನ. ಇದನ್ನ ಎಮ್ಮಿಗೆ ಹೊದಸಬೇಕನ್ರಿ ಅಂತ ನಗಾಕತ್ತಾನ. ಚಾ ಕೊಟ್ಟು ಕುಂದ್ರಿಸೇನಿ, ಲಗೂನ ಏನರ ಮಾಡು ಯವ್ವಾ." ಹಟದ ಚಿಗವ್ವ ಹಿಂಗ ಬೇಡಿಕೊಂಡಿದ್ದು ನಾ ಹಿಂದ ಕೇಳಿರಲಿಲ್ಲ.

ಅಳಿಯಗ ಹೇಳಿದೆ. "ಅವರ ಮಗ್ಗ ಹಳೇದೈತ್ರಿ," ಅಂದ. ಕುಣಿಯಾಕ ಬಾರದಾಕಿ ನೆಲ ಡೊಂಕ ಅಂದ್ಲಂತ! "ಏಳ್ರಿ ಮ್ಯಾಲ," ಅಂದು ಅವನ ಖುರ್ಚಿ ಎಳದೆ.

ಮರಿನ್ನ ನಾನ ಎಬ್ಬಿಸಿದೆ. ಅದು ವಟಗುಟ್ಟಿದ್ದೆಲ್ಲಾ ಪರದೆ ಮ್ಯಾಲ ಹರಿಯಾಕ ಬಿಟ್ಟೆ, ಕೊಳವಿ ತುಂಬಲಿಲ್ಲ. ಸೊನ್ನಿ ಹೇಳಿ ಸತ್ತ ಮ್ಯಾಲ ಫೈಲ್ ಕಡೀತನಕ ನೋಡಿ, ಪೆನ್‌ಡ್ರೈವ್ ಕಿಸೆಕ ಹಾಕಿ ಸ್ಕೂಟಿ ಬೇಡಿ ಓಡಿದೆ.

ಸಾವ್ಕಾರ ಚಪ್ಪಲಿ ಮೆಟ್ಟಾಕತ್ತಿದ್ದ. "ಕುಂದರ್ರಿ ಸಾವ್ಕಾರ್ರ, ಕಣಕಿ ನೋಡಿ ಹ್ವಾದ್ರ ಹೆಂಗ, ಜ್ವಾಳಾನೂ ನೋಡ್ರಿ," ಅಂದು ಚಿಗವ್ವ ಮಗ್ಗ ಹಚ್ಚಿದ್ಲು. ದಂಟು ಬಂತು. ಎಲಿ ಬಂತು. ತೆನಿ ಶುರು ಆಗೋ ಹೊತ್ತಿಗೆ ಕರೆಂಟ್ ಹೋತು. ಅಯ್ಯ ಶಿವನ! ಸಾವ್ಕಾರ ಗೋಡಿ ಕಡೆ ನೋಡಿದ, ನಾ ನೆಲ ನೋಡಿದೆ. ಚಿಗವ್ವ ಒಬ್ಬಾಕಿನ ಮಗ್ಗದ ಮ್ಯಾಲ ಕೈ ಇಟ್ಟು ನಿಂತಿದ್ಲು. ಕರೆಂಟ್ ಬಂತು, ಮಗ್ಗ ಬಿಟ್ಟ ಎಳಿಯಿಂದನ ಮುಂದ ನಡೀತು, ಸಾಲಿಗೆ ಸಾಲು ತೆನಿ ಎದ್ದು ಬಂದ್ವು. ಸಾವ್ಕಾರ ಚಪ್ಪಲಿ ಬಿಟ್ಟು ಒಳಗ ಬಂದ. ಹಂಗಾಮ ಪೂರ್ತಿ ಒಯ್ತೇನಿ ಅಂತ ಒಪ್ಪಿ, ಇನ್ನೊಂದು ಕಪ್ ಚಾ ತಾನ ಕೇಳಿ ಕುಡದ.

ಸಂಘದಾಗ ಏನರ ಬದಲಾತೇನು? ಎಲ್ಲಿದು! "ಒಂದು ಸಲ ಆಗತೈತಿ, ಅದನ್ನ ದೊಡ್ಡದು ಮಾಡಬ್ಯಾಡವ್ವ," ಅಂದ್ರು ಅಧ್ಯಕ್ಷರು. ಹಸಿರು ಗುರ್ತು ಹಂಗ ಹೊಳೀತಿತ್ತು. ಅಷ್ಟ ಅಲ್ಲ, ವರ್ಷದ ಸಭಾದಾಗ ಅಳಿಯಾರಿಗೆ ಸತ್ಕಾರ ಅಂತ ಸಾರಿದ್ರು. ಸಂಘಕ್ಕ ವೇಗ ತಂದಾರಂತ.

ಸಭಾದ ದಿನ ಅಳಿಯಾರು ಹೆಂಡ್ತಿ ಜೋಡಿ ಮ್ಯಾಲ ಕುಂತಿದ್ರು. ಒಬ್ಬೊಬ್ಬರ ಹೋಗಿ ಶಾಲು ಹೊದಿಸಿ ಬರತಿದ್ರು. ಚಿಗವ್ವನೂ ಎದ್ಲು. ಬಗಲಾಗಿನ ಚೀಲದಿಂದ ಮಡಚಿದ ಬಟ್ಟಿ ತಗದು ಅಳಿಯನ ಹೆಗಲಿಗೆ ಹಾಕಿದ್ಲು. ಹೊದಿಸಿದ ಬಟ್ಟಿ ಬ್ಯಾಡ ಅನ್ನಾಕ ಬರಂಗಿಲ್ಲ, ಅಂವ ಕೈ ಮುಗದ. ಬಾಜೂಕ ಕುಂತ ಹೆಂಡ್ತಿ ಅದರ ತುದಿ ಬಿಚ್ಚಿ ನೋಡಿದ್ಲು. ಆಕಿನೂ ಮಗ್ಗದ ಮನಿ ಮಗಳ ಅಲ್ಲೇನು, ಕಣ್ಣ ತಡೀಲಿಲ್ಲ.

"ಜ್ವಾಳದ ಸಾಲು ಚಲೋ ಐತ್ರಿ ಅವ್ವಾರ. ಇದರ ತೆನಿ ಎಲ್ಲೈತ್ರಿ?"

ಮೈಕ್ ಅಲ್ಲೇ ಇತ್ತು. ಮಾತು ಇಡೀ ಸಭಾಕ್ಕ ಕೇಳ್ತು.

"ಸಂಜಿಮುಂದ ಇವರು ಅದನ್ನ ಅರ್ಧಕ್ಕ ಬಿಟ್ಟು ನಿಮ್ಮನಿಗೆ ಉಣ್ಣಾಕ ಬಂದ್ರವ್ವ," ಅಂದ್ಲು ಚಿಗವ್ವ. "ಅದು ಅಲ್ಲೇ ಉಳದೈತಿ."

ಕೆಳಗ ಕುಂತಾವ್ರೆಲ್ಲಾ ನೇಕಾರರು. ಬಟ್ಟಿ ಓದಾಕ ಯಾರಿಗೂ ಕನ್ನಡಕ ಬೇಕಾಗಲಿಲ್ಲ. ಹಿಂದಿನ ಸಾಲಿನ್ಯಾಗ ಒಬ್ಬ ನಕ್ಕ, ಆಮ್ಯಾಲ ಇಡೀ ಸಭಾ ನಕ್ತು. ಅಧ್ಯಕ್ಷರು ಮಾತ್ರ ಮಗಳ ಮಾರಿ ನೋಡಿ ತಲಿ ಕೆಳಗ ಹಾಕಿದ್ರು.

ಸೋಮವಾರ ನಾ ಬರೋದ್ರಾಗ ಅಳಿಯ ಬಂದು ನನ್ನ ಮೇಜಿನ ಬಾಜೂಕ ಖುರ್ಚಿ ಹಾಕ್ಕೊಂಡು ಕುಂತಿದ್ದ. "ಅಕ್ಕಾರ," ಅಂದ, ಮೇಡಮ್ಮಾರ ಅನ್ನಲಿಲ್ಲ, "ಬ್ಯಾರೆಯವರ ಕೆಲಸಾನೂ ನಿಲ್ಲಬಾರದು, ಮರಿ ಮುಗಸೋಮಟ ಕಾಯಲೂಬೇಕು. ಅದನ್ನ ಹೆಂಗ ಬರೀತಾರ, ತೋರಸ್ರಿ."

"ತೋರಸತೇನಿ," ಅಂದೆ. "ಮೊದಲ ಆ ಹಸಿರು ಗುರ್ತು ಅಳಸ್ರಿ."