ಕೋಚ್ ಆಗುತ್ತೀರಾ ಎಂದು ಒಂದೇ ಸಲ ಕೇಳಿದರು

ಒಮಾನಿಗೆ ಬಂದಿಳಿದ ದಿನವೇ ಫುಟ್‌ಬಾಲ್ ಕ್ಲಬ್ಬಿನವರು ನನ್ನನ್ನು ಜಮಖಾನದ ಮೇಲೆ ಕೂರಿಸಿ, ಮೊರಕ್ಕಿಂತ ಅಗಲವಾದ ತಟ್ಟೆಯೊಂದನ್ನು ಮುಂದಿಟ್ಟರು. ಅನ್ನದ ಗುಡ್ಡೆ, ಅದರ ಮೇಲೆ ಇಡೀ ಕುರಿ. ಸುತ್ತ ಕೂತ ಆಟಗಾರರೆಲ್ಲ ಅದೇ ತಟ್ಟೆಗೆ ಕೈ ಹಾಕಿದರು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮಾಂಸ ಹಾಗಿರಲಿ, ಅಕ್ಕ ಕುಡಿದ ಲೋಟದಲ್ಲಿ ನಾನು ನೀರು ಕುಡಿದವನಲ್ಲ. ಹೊಟ್ಟೆ ಹಸಿದಿತ್ತು. ತಟ್ಟೆಯ ಅಂಚಿನಿಂದ ಬರಿ ಅನ್ನವನ್ನು ಬೆರಳ ತುದಿಯಲ್ಲಿ ಬಿಡಿಸಿಕೊಂಡು ತಿಂದೆ.

ಪಕ್ಕದಲ್ಲಿ ಕೂತಿದ್ದ ಗೋಲ್‌ಕೀಪರ್ ಸಾಲಿಂ ‘ತಫದ್ದಲ್, ತಫದ್ದಲ್’ ಎನ್ನುತ್ತಲೇ ಇದ್ದ. ತಗೊಳ್ಳಿ, ಬನ್ನಿ, ಕೂತ್ಕೊಳ್ಳಿ, ಎಲ್ಲಕ್ಕೂ ಒಮಾನಿನಲ್ಲಿ ಅದೊಂದೇ ಮಾತು. ಸಾಕು ಎಂದೆ. ಅವನು ಅನ್ನವನ್ನು ನನ್ನ ಕಡೆಗೆ ತಳ್ಳಿದ. ಮತ್ತೆ ಸಾಕು ಎಂದೆ, ಮತ್ತೆ ತಳ್ಳಿದ. ಇವರೂ ನಮ್ಮಂಥವರೇ ಎಂದು ಆಗ ಧೈರ್ಯ ಬಂತು.

ನಮ್ಮ ಪಿರಿಯಾಪಟ್ಟಣದ ಕಡೆ ಕೇಳಿದ ತಕ್ಷಣ ಹೂಂ ಅನ್ನುವವನನ್ನು ಯಾರೂ ಮರ್ಯಾದಸ್ಥ ಅನ್ನುವುದಿಲ್ಲ. ಊಟಕ್ಕೆ ಕರೆದರೆ ‘ಈಗ್ತಾನೆ ಆಯ್ತು’ ಅನ್ನಬೇಕು, ಕರೆದವರು ಕೈಹಿಡಿದು ಎಳೆಯಬೇಕು. ನಮ್ಮೂರು ರಾವಂದೂರಿನ ಹುಡುಗರು ನನ್ನನ್ನು ತಂಡದ ಕ್ಯಾಪ್ಟನ್ ಮಾಡಲು ಹೊರಟಾಗಲೂ ನಾನು ಎರಡು ಸಲ ಒಲ್ಲೆ ಎಂದಿದ್ದೆ. ಮೂರನೆಯ ಸಲ ಗೆಳೆಯ ನಂಜುಂಡ, ‘ಬಿಂಕ ಸಾಕು ಕಣ್ಲಾ, ಸುಮ್ನೆ ಆಗು’ ಎಂದು ಬೆನ್ನಿಗೆ ಗುದ್ದಿದ ಮೇಲೆಯೇ ಒಪ್ಪಿಕೊಂಡೆ. ಮೊದಲ ಸಲಕ್ಕೇ ಒಪ್ಪಿದ್ದರೆ ಅದೇ ನಂಜುಂಡ ಊರೆಲ್ಲ ಆಡಿಕೊಂಡು ನಗುತ್ತಿದ್ದ.

ಆ ಆಟವೇ ನನ್ನನ್ನು ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ಸೇರಿಸಿತ್ತು. ಮಂಡಿ ಹೋಯಿತು, ಸ್ವಲ್ಪ ದಿನಕ್ಕೆ ಆ ತಂಡವನ್ನೇ ಮುಚ್ಚಿದರು. ಜೊತೆಗೆ ಆಡಿದ ಮಲಯಾಳಿ ಗೆಳೆಯನೊಬ್ಬ ಮಸ್ಕತ್ತಿನಾಚೆಯ ಈ ಕಡಲ ತೀರದ ಊರಿನ ಕ್ಲಬ್ಬಿನಲ್ಲಿ ಸಹಾಯಕ ಕೋಚಿನ ಕೆಲಸ ಕೊಡಿಸಿದ. ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಹೆಂಡತಿ ರತ್ನ ಪಿರಿಯಾಪಟ್ಟಣದಲ್ಲಿ ಉಳಿದಳು, ಸೊಂಟದ ಮೇಲೆ ಮಗಳು ಕಾವ್ಯ. ‘ಬೇಗ ಕರೆಸ್ಕೋತೀನಿ’ ಎಂದು ಮಾತು ಕೊಟ್ಟು ಬಸ್ಸು ಹತ್ತಿದ್ದೆ.

ಆ ಮಾತು ನಡೆಸುವುದು ನನ್ನ ಕೈಯಲ್ಲಿರಲಿಲ್ಲ. ಹೆಂಡತಿ ಮಕ್ಕಳ ವೀಸಾ ಇಲ್ಲಿ ಸಂಬಳ ನೋಡಿ ಕೊಡುತ್ತಾರೆ. ಸಹಾಯಕ ಕೋಚಿಗೆ ಅದು ಎಟುಕದು. ಮುಖ್ಯ ಕೋಚಾದರೆ ವೀಸಾ ಸಿಗುತ್ತದೆ, ಜೊತೆಗೆ ಮನೆ. ನನಗಿದ್ದದ್ದು ಏಸಿ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ, ಅದರಲ್ಲಿ ಇನ್ನಿಬ್ಬರು. ನಲ್ಲಿಯಲ್ಲಿ ಉಪ್ಪುನೀರು ಬರುತ್ತಿತ್ತು. ಊರಿಂದ ತಂದ ರಾಗಿಹಿಟ್ಟು ಮುಗಿದ ದಿನ ನಾಚಿಕೆ ಬಿಟ್ಟು ಅತ್ತೆ. ಮೈದಾನದಲ್ಲಿ ‘ಮುದರ್ರಿಬ್’ ಅನ್ನಿಸಿಕೊಳ್ಳುತ್ತಿದ್ದೆ, ಅಂದರೆ ಕೋಚ್. ಕೋಣೆಗೆ ಬಂದರೆ ಕನ್ನಡದಲ್ಲಿ ಮಾತಾಡಿಸುವವರಿಲ್ಲ. ಶುಕ್ರವಾರಕ್ಕೊಮ್ಮೆ ರತ್ನಳ ಅಣ್ಣನ ಗೊಬ್ಬರದಂಗಡಿಗೆ ಫೋನ್ ಮಾಡಿದರೆ ಅವಳು ಅಲ್ಲಿಗೆ ಬಂದು ಮಾತಾಡುತ್ತಿದ್ದಳು.

ಮೂರನೆಯ ವರ್ಷ ಮುಖ್ಯ ಕೋಚ್ ಬಿಟ್ಟು ಹೋದ. ಕ್ಲಬ್ಬಿನ ಮ್ಯಾನೇಜರ್ ಯೂರೋಪಿನವನು. ನನ್ನನ್ನು ಕರೆದು, “ಮೊದಲ ತಂಡವನ್ನು ನೀವೇ ನೋಡಿಕೊಳ್ಳುತ್ತೀರಾ?” ಎಂದು ಕೇಳಿದ.

ರತ್ನ, ಕಾವ್ಯ, ಸಿಹಿನೀರಿನ ಮನೆ, ಎಲ್ಲ ಕಣ್ಣ ಮುಂದೆ ಬಂದವು. ಬಾಯಿ ಮಾತ್ರ ರಾವಂದೂರಿನದೇ ಆಗಿತ್ತು. “ನನಗ್ಯಾಕೆ ಸಾರ್, ನನಗಿಂತ ತಿಳಿದವರು ಇದ್ದಾರೆ” ಎಂದೆ. ಇನ್ನೊಮ್ಮೆ ಕೇಳಲಿ ಎಂದು ತಲೆ ತಗ್ಗಿಸಿ ನಿಂತೆ. ಅವನು ಎದ್ದು ಕೈ ಕುಲುಕಿ, “ಮುಚ್ಚಿಡದೆ ಹೇಳಿದಿರಿ, ಸಂತೋಷ” ಎಂದ.

ಸ್ವಲ್ಪ ದಿನಕ್ಕೆ ಟ್ಯುನೀಸಿಯಾದವನೊಬ್ಬ ಬಂದು ಆ ಕುರ್ಚಿಯಲ್ಲಿ ಕೂತ. ನಾನು ಮ್ಯಾನೇಜರ್ ಹತ್ತಿರ ಓಡಿ, ನನಗೆ ಮನಸ್ಸಿತ್ತು ಎಂದೆ. ಅವನು ನನ್ನನ್ನೇ ನೋಡಿದ. “ನಿಮ್ಮನ್ನೇ ಮೊದಲು ಕೇಳಿದೆನಲ್ಲ. ನೀವು ಬೇಡ ಎಂದಿರಿ.” ಕೆಟ್ಟವನಲ್ಲ ಅವನು. ಬೇಡ ಎಂದರೆ ಬೇಡ ಎಂದು ನಂಬುವ ಊರಿನವನು, ಅಷ್ಟೆ. ಸಾಲಿಂ ಕೇಳಿ ತಲೆ ಚಚ್ಚಿಕೊಂಡ. ನನ್ನ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನನ್ನನ್ನೇ ಬೈದುಕೊಂಡೆ. ಆ ಶುಕ್ರವಾರ ರತ್ನಳಿಗೆ ಏನನ್ನೂ ಹೇಳಲಿಲ್ಲ.

ಆಮೇಲೆ ಕಲಿತೆ. ಬೇಕಾದ್ದನ್ನು ಬೇಕು ಎನ್ನಲು ಕಲಿತೆ, ಎದುರಿನವನ ಬೇಡವನ್ನು ಬೇಡವೆಂದೇ ತಿಳಿಯಲು ಕಲಿತೆ. ಇನ್ನೂ ಕೆಲವು ವರ್ಷಕ್ಕೆ ಪಕ್ಕದೂರಿನ ಕ್ಲಬ್ಬಿನವರು ಮುಖ್ಯ ಕೋಚಿನ ಮಾತೆತ್ತಿದಾಗ, ಅವರ ಮಾತು ಮುಗಿಯುವ ಮೊದಲೇ ಹೂಂ ಎಂದೆ. ಪರದೇಶದಲ್ಲಿ ನಾನು ಗೆದ್ದದ್ದು ಅದೊಂದೇ. ಎರಡು ಕೋಣೆಯ ಮನೆ ಕೊಟ್ಟರು. ಕಿಟಕಿಗೆ ಪರದೆ ಕಟ್ಟಿ, ಮಗಳಿಗೊಂದು ಮಂಚ ತಂದು, ಗೊಬ್ಬರದಂಗಡಿಗೆ ಫೋನ್ ಮಾಡಿದೆ.

“ವೀಸಾ ಆಯ್ತದೆ ರತ್ನ. ಬಂದ್ಬುಡಿ ಇಬ್ರೂ.”

“ನಂಗ್ಯಾಕ್ ಬುಡಿ ಅಲ್ಲೆಲ್ಲ. ಭಾಸೆ ಬರಕಿಲ್ಲ, ಜನ ಗೊತ್ತಿಲ್ಲ. ಇಲ್ಲೇ ಎಂಗೋ ನಡೀತದೆ.”

ಮನಸ್ಸು ಕುಸಿಯಿತು. ಅವಳನ್ನು ಬಲವಂತ ಮಾಡಬಾರದು, ಅವಳಿಗೂ ಒಂದು ಇಷ್ಟ ಇರುತ್ತದೆ ಎಂದುಕೊಂಡೆ. ಹಾಗೆ ಯೋಚಿಸಿದ್ದಕ್ಕೆ ಒಳಗೊಳಗೇ ಹೆಮ್ಮೆಯೂ ಆಯಿತು. “ಸರಿ, ನಿನ್ನಿಷ್ಟ” ಎಂದು ಫೋನ್ ಇಟ್ಟೆ. ಮಂಚವನ್ನು ಸಾಲಿಂ ತನ್ನ ಮಗಳಿಗೆ ಒಯ್ದ.

ಮುಂದಿನ ರಜೆಗೆ ಹೋದಾಗ ಕಾವ್ಯ ನನ್ನೆದುರು ಶಾಲೆಯ ಮೇಷ್ಟ್ರ ಮುಂದೆ ನಿಲ್ಲುವಂತೆ ಕೈಕಟ್ಟಿ ನಿಂತಳು. ರತ್ನ ಮುದ್ದೆ ಬಡಿಸಿದಳು. ಇನ್ನೊಂದು ಅರ್ಧ ಹಾಕಲೇ ಎಂದಳು. ಬೇಡ ಎಂದೆ. ಅಭ್ಯಾಸದಂತೆ ಅವಳು ಹಾಕಿಯೇಬಿಟ್ಟಳು. ನಾನು ಅದನ್ನು ಹಾಗೇ ಬಿಟ್ಟು ಕೈ ತೊಳೆದೆ, ನನಗೆ ನಿಜವಾಗಿಯೂ ಸಾಕಾಗಿತ್ತು. ಅವಳು ತಟ್ಟೆಯನ್ನೇ ನೋಡುತ್ತ ಕೂತಳು.

“ಅವತ್ತು ಫೋನ್ನಾಗೆ ಒಂದೇ ಕಿತ ಕೇಳುದ್ರಲ್ಲ” ಎಂದಳು. “ಇನ್ನೊಂದ್ ಕಿತ ಮಾಡ್ತೀರಾ ಅಂತ ಅಂಗಡಿ ಬಾಗ್ಲು ಆಕೋಗಂಟ ಅಲ್ಲೇ ಕುಂತಿದ್ದೆ. ಅಣ್ಣ ಹೊಸ ಸೂಟ್‌ಕೇಸ್ ತಂದ್ಕೊಟ್ಟಿದ್ದ.”

“ಈಗ ಕೇಳ್ತೀನಿ, ಬಾ ರತ್ನ” ಎಂದೆ.

“ಈಗ ಬ್ಯಾಡ ಬುಡಿ.”

ಮತ್ತೆ ಕೇಳಿದೆ. ಅದೇ ಮಾತು ಹೇಳಿದಳು. ಮೂರನೆಯ ಸಲ ಕೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮೂರು ಸಲವೂ ಬೇಡ ಎಂದರೆ ನಮ್ಮೂರಲ್ಲಿ ಏನರ್ಥ ಎಂದು ಯಾರೂ ನನಗೆ ಕಲಿಸಿರಲಿಲ್ಲ, ಮೂರನೆಯ ಸಲಕ್ಕೆ ನಮ್ಮವರು ಒಪ್ಪಿಬಿಡುತ್ತಾರೆ. ಬಾಗಿಲವರೆಗೆ ಎದ್ದು ಹೋದೆ. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನಾಲ್ಕನೆಯ ಸಲ ಕೇಳಬೇಕೋ ಬಿಡಬೇಕೋ ತಿಳಿಯದೆ ಹೊಸಿಲಲ್ಲೇ ನಿಂತೆ.